ಸಿಬೇಲಿಯಸ್‌ನ ಐದನೇ ಸಿಂಫನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರ್ದು, ಯಾವಾಗಿಂದು?

ಫಿನ್‌ಲ್ಯಾಂಡಿನ ಸಂಗೀತ ರಚನೆಕಾರ ಜಾನ್ ಸಿಬೇಲಿಯಸ್ (1865–1957) ಬರೆದ ಏಳು ಸಿಂಫನಿಗಳಲ್ಲಿ ಐದನೇದು. ಸಿಂಫನಿ ಅಂದ್ರೆ ಇಡೀ ಆರ್ಕೆಸ್ಟ್ರಾಕ್ಕೆ ಅಂತ ಬರೆದ ದೊಡ್ಡ ಕೃತಿ. ಮೊದಲ ಸಲ ನುಡಿಸಿದ್ದು 1915ರ ಡಿಸೆಂಬರ್ 8ಕ್ಕೆ, ಹೆಲ್ಸಿಂಕಿಯಲ್ಲಿ. ಅವತ್ತು ಅವನ ಐವತ್ತನೇ ಹುಟ್ಟುಹಬ್ಬ, ಎದುರು ನಿಂತು ಆರ್ಕೆಸ್ಟ್ರಾ ನಡೆಸಿದ್ದೂ (ಕಂಡಕ್ಟ್ ಮಾಡಿದ್ದೂ) ಅವನೇ. ಆದ್ರೆ ನಾವೀಗ ಕೇಳೋದು ಅವತ್ತು ಕೇಳಿಸಿದ್ದನ್ನಲ್ಲ, ಅದನ್ನ ಅವನು ಎರಡು ಸಲ ತಿದ್ದಿ 1919ರಲ್ಲಿ ಮುಗಿಸಿದ್ದನ್ನ. ನನ್ ಕೇಳಿದ್ರೆ ಈ ಸಿಂಫನಿಯ ಅಸಲಿ ಕಥೆ ಇರೋದೇ ಆ ತಿದ್ದೋದ್ರಲ್ಲಿ, ಅದಕ್ಕೇ ಕೆಳಗೆ ಅದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆದಿದೀನಿ.

ಎಷ್ಟು ಹೊತ್ತು ಇದೆ? ಪೂರ್ತಿ ಕೂತು ಕೇಳ್ಬೇಕಾ?

ಅರ್ಧ ಗಂಟೆ, ಒಂದೆರಡು ನಿಮಿಷ ಹೆಚ್ಚುಕಮ್ಮಿ. ಮೂರು ಮೂವ್‌ಮೆಂಟ್, ಅಂದ್ರೆ ಮೂರು ಭಾಗ. ಒಂದು ರಾಗಂ ತಾನಂ ಪಲ್ಲವಿ ಕೇಳೋ ತಾಳ್ಮೆ ಇರೋರಿಗೆ ಇದೇನೂ ಉದ್ದ ಅಲ್ಲ. ಅದೇ ಕಾಲದ ಆಸ್ಟ್ರಿಯಾದ ರಚನೆಕಾರ ಮಾಲರ್‌ನ ಸಿಂಫನಿ ಹಾಕಿದ್ರೆ ಒಂದೂವರೆ ಗಂಟೆ ಆಗೋದೂ ಉಂಟು. ಪೂರ್ತಿನೇ ಕೇಳಿ. ಕೊನೆಯ ಎರಡು ನಿಮಿಷ ಮಾತ್ರ ಯಾರೋ ಕಟ್ ಮಾಡಿ ಹಾಕಿರೋ ಕ್ಲಿಪ್ ಕೇಳಿದ್ರೆ ಅದೊಂದು ದೊಡ್ಡ ಶಬ್ದ ಅಷ್ಟೇ, ಮುಂಚಿನ ಇಪ್ಪತ್ತೆಂಟು ನಿಮಿಷ ಕಾಯದೆ ಅದು ದಕ್ಕಲ್ಲ.

ಕೊನೇಲಿ ಪದೇ ಪದೇ ನಿಂತು ನಿಂತು ಹೋಗುತ್ತಲ್ಲ, ನನ್ನ ಫೋನಿನ ಪ್ರಾಬ್ಲಂ ಆ?

ಅಲ್ಲ! ನಾನೂ ಮೊದಲ ಸಲ ಹೀಗೇ ಮೋಸಹೋದೆ. ರಾತ್ರಿ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೆ, ಇಡೀ ಆರ್ಕೆಸ್ಟ್ರಾ ಜೋರಾಗಿ ಮೇಲೇರ್ತಾ ಇತ್ತು, ಇನ್ನೇನು ಮುಗೀಬೇಕು ಅನ್ನೋವಷ್ಟರಲ್ಲಿ ಧಡ್ ಅಂತ ಒಂದು ಹೊಡೆತ, ಆಮೇಲೆ ಏನೂ ಇಲ್ಲ. ನೆಟ್ ಹೋಯ್ತು ಅಂದ್ಕೊಂಡು ಫೋನ್ ಕೈಗೆತ್ಕೊಂಡೆ, ಅಷ್ಟರಲ್ಲಿ ಇನ್ನೊಂದು ಹೊಡೆತ. ಮತ್ತೆ ಖಾಲಿ. ಹೀಗೆ ಒಟ್ಟು ಆರು ಹೊಡೆತ, ಮಧ್ಯೆ ಐದು ಖಾಲಿ ಜಾಗ. ಆ ಖಾಲಿ ಜಾಗಗಳಲ್ಲಿ ಟಿಂಪನಿ (ಆರ್ಕೆಸ್ಟ್ರಾದ ನಗಾರಿ) ಇಲ್ಲ, ಪಿಟೀಲು ಇಲ್ಲ, ಒಂದು ಎಳೆ ಶ್ರುತಿನೂ ಇಲ್ಲ. ಬರೀ ಹಾಲ್ ಇದೆ.

ಎಲ್ಲರೂ ದೊಡ್ಡ ಗದ್ದಲದಲ್ಲಿ ಮುಗಿಸೋ ಕಡೆ ಈ ಮನುಷ್ಯ ಸದ್ದಿನ ಮಧ್ಯೆ ಕಿಟಕಿ ಕೊರೆದಿಟ್ಟಿದಾನೆ.

ಸರಿ, ಮೂವ್‌ಮೆಂಟ್ ಮೂವ್‌ಮೆಂಟ್ ಹೇಳಿ, ಏನೇನು ನಡೆಯುತ್ತೆ?

ಮೊದಲನೇದು ಶುರುವಾಗೋದು ಟಿಂಪನಿಯ ಸಣ್ಣ ಗುಡುಗಿನ ಮೇಲೆ ಹಾರ್ನ್‌ಗಳು (ಸುರುಳಿ ಸುತ್ತಿದ ಹಿತ್ತಾಳೆ ಕಹಳೆ) ಮೆಲ್ಲಗೆ ಮೇಲಕ್ಕೆ ಹತ್ತೋದ್ರಿಂದ. ಕೊಳಲು, ಓಬೋ, ಬಸೂನ್ ಈ ಗಾಳಿವಾದ್ಯಗಳೆಲ್ಲ ಉತ್ತರ ಕೊಡ್ತಾ ಹೋಗ್ತವೆ. ಇಲ್ಲಿ ಒಂದು ವಿಷಯ ಗಮನಿಸಿ, ಪಿಟೀಲಿನೋರು ಕೈಕಟ್ಕೊಂಡು ಕೂತಿರ್ತಾರೆ. ಆರ್ಕೆಸ್ಟ್ರಾದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಂತಿವಾದ್ಯದೋರೇ, ಅವರನ್ನ ಸುಮ್ನೆ ಕೂರಿಸಿ ಸಿಂಫನಿ ಶುರು ಮಾಡೋಕೆ ಧೈರ್ಯ ಬೇಕು. ಅವರು ಒಳಗೆ ಬಂದಾಗ ಕೋಣೆಯ ಗಾಳಿನೇ ಬದಲಾಗುತ್ತೆ.

ಮಧ್ಯದಲ್ಲಿ ಒಂದು ವಿಚಿತ್ರ ಜಾಗ ಬರುತ್ತೆ, ತಂತಿಗಳೆಲ್ಲ ಅರ್ಧರ್ಧ ಸ್ವರ ಜಾರ್ತಾ ಪಿಸುಗುಟ್ತಾ ಇರ್ತವೆ, ಅದರ ಮೇಲೆ ಒಂದೇ ಒಂದು ಬಸೂನ್ ಒಳಗೊಳಗೇ ಅಳೋ ಥರ ನುಡಿಯುತ್ತೆ. ಸಿಂಫನಿ ಪೂರ್ತಿ ಖುಷಿಯದ್ದು ಅಂತ ಬರೆಯೋರು ಈ ಜಾಗಕ್ಕೆ ಬಂದಾಗ ಎದ್ದು ಕಾಫಿ ಮಾಡೋಕೆ ಹೋಗಿದ್ರೇನೋ ಅಂತ ನನಗೆ ಡೌಟು.

ಆಮೇಲೆ ಇಪ್ಪತ್ತನೇ ಶತಮಾನದ ಸಂಗೀತದಲ್ಲೇ ಅತಿ ಜಾಣತನದ ಜಾಗಗಳಲ್ಲಿ ಒಂದು. ನಿಧಾನವಾಗಿದ್ದ ಸಂಗೀತ ಎಲ್ಲಿ ವೇಗ ಆಯ್ತು ಅಂತ ನಿಮಗೆ ಗೊತ್ತೇ ಆಗಲ್ಲ. ಮೊದಲು ಒಂದು ಬಾರ್‌ಗೆ (ನಮ್ಮ ತಾಳದ ಆವರ್ತ ಇದ್ದಂಗೆ) ನಾಲ್ಕು ದೊಡ್ಡ ಪೆಟ್ಟು, ಒಂದೊಂದು ಪೆಟ್ಟಿನೊಳಗೆ ಮೂರು ಮೂರು ಸಣ್ಣದು. ಟ್ರಂಪೆಟ್‌ಗಳು ಮೊದಲ ಹಾರ್ನ್ ಕರೆಯನ್ನ ಎತ್ತಿ ಕೂಗಿದ ಮೇಲೆ, ಆ ಒಂದೊಂದು ಪೆಟ್ಟೇ ಒಂದೊಂದು ಬಾರ್ ಆಗ್ಬಿಡುತ್ತೆ, ಮೂರರ ನಡೆಯ ಕುಣಿತ ಶುರುವಾಗಿರುತ್ತೆ. ಅಲ್ಲಿಂದ ಕೊನೇವರೆಗೂ ವೇಗ ಏರ್ತಾನೇ ಹೋಗುತ್ತೆ, ಯಾವ ಸೆಕೆಂಡಿನಲ್ಲೂ ಗೇರ್ ಬದಲಾಯಿಸಿದ ಸದ್ದು ಬರಲ್ಲ. ರೈಲು ಪ್ಲಾಟ್‌ಫಾರ್ಮ್ ಬಿಡೋದು ನೋಡಿದೀರಲ್ಲ, ಹೊರಟಿದ್ದು ಯಾವಾಗ ಅಂತ ಹೇಳೋಕಾಗಲ್ಲ, ನೋಡಿದ್ರೆ ಕಂಬಗಳು ಓಡ್ತಿರ್ತವೆ, ಹಂಗೆ.

ಎರಡನೇದು ಸಣ್ಣದು, ಸೌಮ್ಯ. ಪಿಟೀಲಿನೋರು ಕಮಾನು ಬಿಟ್ಟು ಬೆರಳಲ್ಲಿ ಮೀಟ್ತಾರೆ, ಕೊಳಲು ಸೇರುತ್ತೆ, ಒಂದು ಪುಟ್ಟ ಲಯದ ಅಚ್ಚು ಮತ್ತೆ ಮತ್ತೆ ಬೇರೆ ಬೇರೆ ಬಟ್ಟೆ ಹಾಕ್ಕೊಂಡು ಬರುತ್ತೆ. ಸುಲಭದ್ದು ಅಂತ ಜನ ದಾಟಿಸಿಬಿಡ್ತಾರೆ. ಕೆಳಗಡೆ ಡಬಲ್ ಬೇಸ್‌ಗಳ (ಎಲ್ಲಕ್ಕಿಂತ ದಪ್ಪ ದನಿಯ ತಂತಿವಾದ್ಯ) ಕಡೆ ಕಿವಿ ಕೊಡಿ, ಮೂರನೇ ಮೂವ್‌ಮೆಂಟಿನಲ್ಲಿ ಬರೋ ದೊಡ್ಡ ಟ್ಯೂನಿನ ನೆರಳು ಅಲ್ಲಿ ಆಗಲೇ ಓಡಾಡ್ತಿರುತ್ತೆ.

ಮೂರನೇದು ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಶುರು. ತಂತಿಗಳೆಲ್ಲ ಗುಂಯ್ ಅಂತ ಓಡ್ತವೆ. ಒಂದು ನಿಮಿಷ ದಾಟಿದ ಮೇಲೆ ಹಾರ್ನ್‌ಗಳು ಬರ್ತವೆ, ಜೋಡಿ ಜೋಡಿಯಾಗಿ, ಮೇಲೆ ಕೆಳಗೆ, ಮೇಲೆ ಕೆಳಗೆ, ದೇವಸ್ಥಾನದ ದೊಡ್ಡ ಗಂಟೆ ತೂಗಿದ ಹಾಗೆ. ಇದೇ ಫೇಮಸ್ ಹಂಸದ ಟ್ಯೂನ್.

ಆ ಟ್ಯೂನಲ್ಲಿ ಅಂಥಾದ್ದೇನಿದೆ? ಮೂರು ಸ್ವರ ತೂಗ್ತಾ ಇದೆ ಅಷ್ಟೇ ಅಲ್ವಾ?

ಹೌದು, ಹೇಳೋಕೆ ಹೋದ್ರೆ ಅಷ್ಟೇ. ಆದ್ರೆ ಹಾರ್ನ್ ಮಾತ್ರ ಕೇಳ್ಬೇಡಿ, ತಳಕ್ಕೆ ಇಳೀರಿ. ಮೇಲೆ ಹಾರ್ನ್‌ಗಳು ತೂಗ್ತಾ ಇರೋ ಹೊತ್ತಿಗೆ ಕೆಳಗೆ ಡಬಲ್ ಬೇಸ್‌ಗಳು ಅದೇ ಟ್ಯೂನನ್ನ ಮೂರು ಪಟ್ಟು ನಿಧಾನವಾಗಿ ನುಡಿಸ್ತಾ ಇರ್ತವೆ. ಇವರದ್ದು ಮೂರು ಸ್ವರ ಆಗೋ ಹೊತ್ತಿಗೆ ಅವರದ್ದು ಒಂದು. ಕರ್ನಾಟಕ ಸಂಗೀತ ಕಲಿತೋರಿಗೆ ಇದು ತಕ್ಷಣ ಹೊಳೆಯುತ್ತೆ, ಒಂದೇ ವರಸೆಯನ್ನ ಬೇರೆ ಬೇರೆ ಕಾಲದಲ್ಲಿ ಹಾಡಿಸ್ತಾರಲ್ಲ ಮೇಷ್ಟ್ರು. ನಾವು ಒಂದಾದ ಮೇಲೆ ಒಂದು ಹಾಡ್ತೀವಿ, ಇಲ್ಲಿ ಎರಡೂ ಒಟ್ಟಿಗೆ ನಡೀತಿದೆ. ಇವೆರಡರ ಮಧ್ಯೆ ಗಾಳಿವಾದ್ಯಗಳೂ ಚೆಲ್ಲೋಗಳೂ ಇನ್ನೊಂದು ಉದ್ದನೆಯ ಹಾಡು ಹಾಡ್ತಿರ್ತವೆ. ಅಂದ್ರೆ ಮೂರು ಗಡಿಯಾರ, ಒಂದೇ ಗೋಡೆ. ಅದಕ್ಕೇ ಅದು ಒಂದೇ ಸಲಕ್ಕೆ ಹಾರ್ತಾನೂ ಇರುತ್ತೆ, ನಿಂತ ಹಾಗೂ ಇರುತ್ತೆ.

ಇಂಗ್ಲೆಂಡಿನ ವಿಮರ್ಶಕ ಡೊನಾಲ್ಡ್ ಟೋವಿ ಇದನ್ನ ಉತ್ತರ ಯುರೋಪಿನ ಪುರಾಣದ ಗುಡುಗಿನ ದೇವರು ಥಾರ್ ಸುತ್ತಿಗೆ ಬೀಸೋದಕ್ಕೆ ಹೋಲಿಸಿದ. ಆ ಹೋಲಿಕೆ ಎಲ್ಲಾ ಕಡೆ ಓಡಾಡುತ್ತೆ. ನನಗೇನೋ ಒಪ್ಪಲ್ಲ, ಸುತ್ತಿಗೆ ಬಿದ್ರೆ ಸದ್ದಾಗ್ಬೇಕಲ್ಲ, ಇದು ಬೀಳೋದೇ ಇಲ್ಲ.

ಹಂಸ ನೋಡಿ ಬರೆದ ಅನ್ನೋದು ನಿಜಾನಾ?

ಅರ್ಧ. ಸಿಂಫನಿ ಕೆಲಸ 1914ರಲ್ಲೇ ಶುರುವಾಗಿತ್ತು. 1915ರ ಏಪ್ರಿಲ್ 21ರ ಡೈರಿಯಲ್ಲಿ ಅವನು ಬರೆದಿರೋದು ಇದು: ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಹದಿನಾರು ಹಂಸ ಕಂಡೆ, ಜೀವನದ ದೊಡ್ಡ ಅನುಭವಗಳಲ್ಲಿ ಒಂದು, ತುಂಬಾ ಹೊತ್ತು ತಲೆ ಮೇಲೆ ಸುತ್ತಿ ಬಿಸಿಲ ಮಬ್ಬಲ್ಲಿ ಬೆಳ್ಳಿ ರಿಬ್ಬನ್ ಥರ ಮರೆಯಾದವು ಅಂತ. ನನಗೆ ಇಷ್ಟ ಆಗೋದು ಅದರ ಮುಂದಿನ ಭಾಗ. ಇಷ್ಟೆಲ್ಲ ಭಾವುಕ ಆದ ಮನುಷ್ಯ ತಕ್ಷಣ ಕಸುಬಿಗೆ ಇಳೀತಾನೆ, ಇವುಗಳ ಕೂಗು ಕ್ರೌಂಚದ ಕೂಗಿನ ಹಾಗೆ ಗಾಳಿವಾದ್ಯದ ಜಾತಿದು ಆದ್ರೆ ನಡುಕ ಇಲ್ಲ ಅಂತ ನೋಟ್ ಮಾಡ್ಕೊಳ್ತಾನೆ. ಟೈಂ ಬರೆದಿದಾನೆ, ಎಣಿಸಿದಾನೆ, ಶ್ರುತಿ ಬಣ್ಣ ಹೇಳಿದಾನೆ.

ನಮ್ಮ ತಲೆಯಲ್ಲಿರೋ ಹಂಸ ಸರಸ್ವತಿ ಪಕ್ಕದ್ದು, ಹಾಲು ನೀರು ಬೇರೆ ಮಾಡೋದು, ಬಾಯಿ ಬಿಡಲ್ಲ. ಫಿನ್‌ಲ್ಯಾಂಡಿನ ಹಂಸ ಕಹಳೆ ಊದಿದ ಹಾಗೆ ಕೂಗುತ್ತೆ, ಅವರ ಭಾಷೆಯಲ್ಲಿ ಅದರ ಹೆಸರೇ ಹಾಡೋ ಹಂಸ ಅಂತ, ಈಗ ಅದು ಅವರ ರಾಷ್ಟ್ರಪಕ್ಷಿ. ಹಾರ್ನ್ ಯಾಕೆ, ಕೊನೇಲಿ ಟ್ರಂಪೆಟ್ ಯಾಕೆ ಅನ್ನೋದಕ್ಕೆ ಅದರ ಕೂಗು ಒಂದ್ಸಲ ಕೇಳಿದ್ರೆ ಸಾಕು.

ಹಂಸಧ್ವನಿ ರಾಗಕ್ಕೂ ಇದಕ್ಕೂ ಏನಾದ್ರೂ...?

ಇಲ್ಲ. ಹಂಸಧ್ವನಿ ರಾಮಸ್ವಾಮಿ ದೀಕ್ಷಿತರದ್ದು ಅಂತಾರೆ, ಐದು ಸ್ವರದ ರಾಗ. ಇದು ಇ ಫ್ಲಾಟ್ ಮೇಜರ್, ನಮ್ಮ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿಗೆ ಶಂಕರಾಭರಣದ ಸ್ವರಗಳು. ಆದ್ರೆ ಶ್ರುತಿ ಕೂತಲ್ಲೇ ಕೂರಲ್ಲ. ಹಂಸದ ಟ್ಯೂನ್ ಮೊದಲ ಸಲ ಬಂದಾಗಲೇ ಇ ಫ್ಲಾಟ್‌ನಿಂದ ಸಿ ಮೇಜರ್‌ಗೆ ಜಾರುತ್ತೆ, ಎರಡನೇ ಸಲ ಇನ್ನೂ ದೂರದ ಜಿ ಫ್ಲಾಟ್‌ನಲ್ಲಿ ಬಂದು ಆಮೇಲೆ ಮನೆಗೆ ವಾಪಸ್. ಗಮಕ ಹುಡುಕ್ಬೇಡಿ ಸಿಗಲ್ಲ, ನಾವು ಗಮಕದಲ್ಲಿ ಮಾಡೋ ಕೆಲಸವನ್ನ ಇವರು ಹೀಗೆ ನೆಲ ಸರಿಸಿ ಮಾಡ್ತಾರೆ.

ಮೂರು ಆವೃತ್ತಿ ಅಂತಾರಲ್ಲ, ಏನು ವ್ಯತ್ಯಾಸ?

ಇದನ್ನ ಕೇಳಿದ್ದಕ್ಕೆ ಥ್ಯಾಂಕ್ಸ್.

1915ರದ್ದರಲ್ಲಿ ನಾಲ್ಕು ಮೂವ್‌ಮೆಂಟ್ ಇದ್ವು. ಈಗ ಎಲ್ಲರಿಗೂ ಬಾಯಿಪಾಠ ಆಗಿರೋ ಆ ಮೊದಲ ಹಾರ್ನ್ ಕರೆ ಅದರ ಆರಂಭದಲ್ಲಿ ಇರಲೇ ಇಲ್ಲ! ಕೊನೆಯ ಆರು ಹೊಡೆತಗಳ ಮಧ್ಯದ ಖಾಲಿ ಜಾಗಗಳೂ ಇರ್ಲಿಲ್ಲ, ತಂತಿಗಳು ನಡುಗ್ತಾ ಆ ಸಂದುಗಳನ್ನ ತುಂಬ್ತಿದ್ವು. ಜನ ಏನೋ ಮೆಚ್ಚಿದ್ರು, ದೇಶಕ್ಕೆ ದೇಶವೇ ಅವನ ಹುಟ್ಟುಹಬ್ಬ ಮಾಡ್ತಿತ್ತು. ಅವನಿಗೆ ಮಾತ್ರ ಸಮಾಧಾನ ಆಗ್ಲಿಲ್ಲ.

1916ರಲ್ಲಿ ಮೊದಲ ಎರಡು ಮೂವ್‌ಮೆಂಟ್‌ಗಳನ್ನ ಬೆಸೆದು ಒಂದು ಮಾಡಿದ. ಮೇಲೆ ರೈಲಿನ ಉದಾಹರಣೆ ಕೊಟ್ಟೆನಲ್ಲ, ಆ ಜಾಗವೇ ಬೆಸುಗೆ ಹಾಕಿದ ಜಾಗ. ಮೊದಲು ಅಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡ್ತಿದ್ರು. ಇದನ್ನ ಅದೇ ವರ್ಷ ಡಿಸೆಂಬರ್ 8ಕ್ಕೆ ಟುರ್ಕು ಊರಲ್ಲಿ ನುಡಿಸಿದ್ರು. ಆಗಲೂ ಸಮಾಧಾನ ಇಲ್ಲ.

ಅಷ್ಟರಲ್ಲಿ ದೇಶವೇ ಬದಲಾಯ್ತು. ಮೊದಲ ಪ್ರದರ್ಶನದ ಹೊತ್ತಿಗೆ ಫಿನ್‌ಲ್ಯಾಂಡ್ ರಷ್ಯಾ ಸಾಮ್ರಾಜ್ಯದ ಭಾಗ, 1917ರ ಡಿಸೆಂಬರ್ 6ಕ್ಕೆ ಸ್ವತಂತ್ರ, 1918ರ ಶುರುವಿಗೇ ಒಳಗೊಳಗೇ ಯುದ್ಧ. ಆ ಯುದ್ಧದಲ್ಲಿ ಸಮಾಜವಾದಿಗಳ ಕಡೆಯ ಕೆಂಪು ಪಡೆಯೋರು ಅವನ ಮನೆ ಹುಡುಕಾಡಿದ್ರು, ಮನೆಯವರೆಲ್ಲ ಹೆಲ್ಸಿಂಕಿಗೆ ಹೋಗಿ ಡಾಕ್ಟರ್ ಆಗಿದ್ದ ಅವನ ತಮ್ಮ ಕ್ರಿಸ್ಟಿಯಾನ್ ಕೆಲಸ ಮಾಡ್ತಿದ್ದ ಆಸ್ಪತ್ರೆಯಲ್ಲಿ ಆಶ್ರಯ ತಗೊಂಡ್ರು. ದುಡ್ಡಿಗೂ ತಾಪತ್ರಯ, ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರ್ಬೇಕಾದ್ದು ನಿಂತುಹೋಗಿತ್ತು, ಹೊಟ್ಟೆಪಾಡಿಗೆ ಪಿಯಾನೋಗೆ ಸಣ್ಣ ಸಣ್ಣ ಪೀಸ್‌ಗಳನ್ನ ಬರೀತಾ ಕೂತ. 1919ರ ಮಾರ್ಚಲ್ಲಿ ಅವನ ಬೆನ್ನಿಗೆ ನಿಂತಿದ್ದ ಗೆಳೆಯ ಆಕ್ಸೆಲ್ ಕಾರ್ಪೆಲಾನ್ ತೀರ್ಕೊಂಡ. ಇನ್ನು ಯಾರಿಗೋಸ್ಕರ ಬರೀಲಿ ಅಂತ ಡೈರಿಯಲ್ಲಿ ಕೇಳ್ಕೊಂಡಿದಾನೆ. ಅದೇ ವಸಂತದಲ್ಲಿ ಒಂದು ಹಂತದಲ್ಲಂತೂ ಮೊದಲ ಮೂವ್‌ಮೆಂಟ್ ಒಂದನ್ನೇ ಇಟ್ಕೊಂಡು ಬಾಕಿ ಎರಡನ್ನೂ ಎಸೆದುಬಿಡೋದು ಅಂತ ನಿರ್ಧಾರ ಮಾಡಿದ್ದ, ಅಂದ್ರೆ ಹಂಸಗಳೂ ಸೇರಿ! ಕೆಲವೇ ದಿನದಲ್ಲಿ ಮನಸ್ಸು ಬದಲಾಯಿಸಿದ, ನಮ್ಮ ಪುಣ್ಯ.

1919ರ ನವೆಂಬರ್ 24ಕ್ಕೆ ಹೆಲ್ಸಿಂಕಿಯಲ್ಲಿ ಕೊನೆಯ ರೂಪ. ನಡುಗೋ ತಂತಿಗಳನ್ನ ತೆಗೆದಿದ್ದ, ಆರು ಹೊಡೆತಗಳ ಮಧ್ಯೆ ಖಾಲಿ ಬಿಟ್ಟಿದ್ದ. ಐದು ವರ್ಷ ಕೆಲಸ ಮಾಡಿ ಅವನು ಸೇರಿಸಿದ್ದಕ್ಕಿಂತ ತೆಗೆದಿದ್ದು ಜಾಸ್ತಿ ಅನ್ಸುತ್ತೆ ನಂಗೆ. ಈಗ ಆ ಮೌನದಲ್ಲಿ ಹಾಲೆಲ್ಲ ಉಸಿರು ಬಿಗಿಹಿಡಿಯುತ್ತಲ್ಲ, ಅಲ್ಲಿ ಮೊದಲು ಪಿಟೀಲು ಇತ್ತು ಅಂತ ಗೊತ್ತಾದ ಮೇಲೆ ಅದು ಇನ್ನೂ ಖಾಲಿಯಾಗಿ ಕೇಳಿಸುತ್ತೆ.

ಈ ಕೆಲಸದ ಬಗ್ಗೆ ಅವನೇ ಒಂದು ಮಾತು ಬರ್ಕೊಂಡಿದ್ದ, ದೇವರು ಸ್ವರ್ಗದ ನೆಲದ ಮೊಸಾಯಿಕ್ ಚೂರುಗಳನ್ನ ಕೆಳಗೆಸೆದು ಮೊದಲು ಹೇಗಿತ್ತೋ ಹಾಗೆ ಜೋಡಿಸು ಅಂದ ಹಾಗಿದೆ ಅಂತ.

1915ರ ಆವೃತ್ತಿ ಕೇಳೋಕೆ ಸಿಗುತ್ತಾ?

ಸಿಗುತ್ತೆ. ಕಂಡಕ್ಟರ್ ಓಸ್ಮೊ ವಾನ್‌ಸ್ಕಾ, ಫಿನ್‌ಲ್ಯಾಂಡಿನ ಲಾಹ್ತಿ ಸಿಂಫನಿ ಆರ್ಕೆಸ್ಟ್ರಾ ಜೊತೆ 1995ರಲ್ಲಿ ರೆಕಾರ್ಡ್ ಮಾಡಿದಾನೆ. ಆದ್ರೆ ಮೊದಲು 1919ರದ್ದು ಚೆನ್ನಾಗಿ ಪರಿಚಯ ಆಗ್ಲಿ, ಆಮೇಲೆ ಇದನ್ನ ಹಾಕಿ. ಊರಲ್ಲಿ ಹಳೇ ಮನೆಯ ಫೋಟೋ ನೋಡಿದಂಗಾಗುತ್ತೆ, ಬಾಗಿಲು ಬೇರೆ ಕಡೆ, ಇಲ್ಲದ ಗೋಡೆ ಅಲ್ಲಿದೆ, ಆದ್ರೆ ನಮ್ಮನೆನೇ.

ದೊಡ್ಡ ಆರ್ಕೆಸ್ಟ್ರಾ ಬೇಕಾ?

ಇಲ್ಲ, ಆಶ್ಚರ್ಯ ಆಗೋಷ್ಟು ಚಿಕ್ಕದು. ಕೊಳಲು, ಓಬೋ, ಕ್ಲಾರಿನೆಟ್, ಬಸೂನ್ ಎರಡೆರಡು, ನಾಲ್ಕು ಹಾರ್ನ್, ಮೂರು ಟ್ರಂಪೆಟ್, ಮೂರು ಟ್ರಾಂಬೋನ್, ಟಿಂಪನಿ, ತಂತಿಗಳು. ಟ್ಯೂಬಾ ಇಲ್ಲ, ಹಾರ್ಪ್ ಇಲ್ಲ, ತಾಳ ಜಾಗಟೆ ಒಂದೂ ಇಲ್ಲ. ಮಾಲರ್‌ಗೆ ಆರನೇ ಸಿಂಫನಿಯಲ್ಲಿ ಎಂಟು ಹಾರ್ನ್ ಬೇಕಾಗಿತ್ತು, ಇವನು ನಾಲ್ಕರಲ್ಲೇ ಆಕಾಶ ಎತ್ತಿದಾನೆ.

ಮಾಲರ್ ಜೊತೆ ಜಗಳ ಆಗಿತ್ತಂತೆ?

ಜಗಳ ಅಲ್ಲ ಮಾರಾಯ್ರೆ, ಮಾತುಕತೆ. 1907ರಲ್ಲಿ ಮಾಲರ್ ಹೆಲ್ಸಿಂಕಿಗೆ ಬಂದಿದ್ದಾಗ ಇಬ್ಬರೂ ಸಿಕ್ಕಿದ್ರು. ಸಿಂಫನಿ ಅಂದ್ರೆ ನನಗೆ ಬಿಗಿ, ಎಲ್ಲಾ ಎಳೆಗಳೂ ಒಳಗೊಳಗೆ ಸೇರಿಸೋ ತರ್ಕ ಅಂತ ಸಿಬೇಲಿಯಸ್ ಅಂದ. ಇಲ್ಲ, ಸಿಂಫನಿ ಅಂದ್ರೆ ಜಗತ್ತಿನ ಥರ, ಎಲ್ಲಾ ಒಳಗೆ ಬರ್ಬೇಕು ಅಂತ ಮಾಲರ್ ಅಂದ. ಸಿಬೇಲಿಯಸ್ಸೇ ಮುಂದೆ ನೆನಪಿಸಿಕೊಂಡು ಹೇಳಿದ ಕಥೆ ಇದು, ಹಾಗಾಗಿ ಅವನ ಕಡೆಯ ವರ್ಷನ್ ಅಂತ ಇಟ್ಕೊಳ್ಳಿ.

1913ರಲ್ಲೇ ರಷ್ಯಾದ ರಚನೆಕಾರ ಸ್ಟ್ರಾವಿನ್ಸ್ಕಿ ಹೊಸ ಥರದ ಸಂಗೀತದಿಂದ ಪ್ಯಾರಿಸ್ಸಲ್ಲಿ ಗಲಾಟೆ ಎಬ್ಬಿಸಿದ್ದ, ಇವನ್ಯಾಕೆ ಇನ್ನೂ ಮೇಜರ್ ಸ್ಕೇಲ್ ಹಿಡ್ಕೊಂಡಿದ್ದ? ಹಳೇ ಕಾಲದೋನಾ?

ಹಾಗಂತ ಬಹಳ ಜನ ಬೈದಿದಾರೆ. ಆದ್ರೆ 1911ರ ಇವನ ನಾಲ್ಕನೇ ಸಿಂಫನಿ ಕೇಳಿ, ಗಂಟಲಿನ ಗೆಡ್ಡೆ ಆಪರೇಷನ್ ಆಗಿ ಸಾವಿನ ಭಯದಲ್ಲಿದ್ದ ವರ್ಷಗಳ ನಂತರ ಬರೆದದ್ದು, ಎಷ್ಟು ಒಣಗಿದೆ, ಎಷ್ಟು ಕಹಿಯಾಗಿದೆ ಅಂದ್ರೆ ಅದಕ್ಕಿಂತ ಮುಂದಕ್ಕೆ ಆ ದಾರೀಲಿ ಹೋಗೋಕೆ ಜಾಗ ಇರ್ಲಿಲ್ಲ. ಅಲ್ಲಿಂದ ತಿರುಗಿ ಬಂದೋನು ಐದನೇದು ಬರೆದ. ಸ್ವರಗಳು ಹಳೇವೇ ಇರ್ಬಹುದು, ಕಾಲವನ್ನ ನಡೆಸಿರೋ ರೀತಿ ಹೊಸದು. ಎರಡು ವೇಗ ಒಟ್ಟಿಗೆ ಓಡಿಸೋದು, ಗೊತ್ತಾಗದ ಹಾಗೆ ವೇಗ ಏರಿಸೋದು, ಇವನ್ನೆಲ್ಲ ಆಮೇಲಿನೋರು ಬಹಳ ಜನ ಕದ್ದಿದಾರೆ.

ಮೈಸೂರು ಮಹಾರಾಜರಿಗೂ ಇದಕ್ಕೂ ಸಂಬಂಧ ಇದೆ ಅಂತ ಕೇಳಿದೀನಿ.

ಸುತ್ತುಬಳಸಿ ಇದೆ. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತೋರು, ಪಾಶ್ಚಾತ್ಯ ಸಂಗೀತದ ಹುಚ್ಚು ಇದ್ದೋರು, ಜೊತೆಗೆ ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದೋರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ರೆಕಾರ್ಡ್ ಪ್ರೊಡ್ಯೂಸರ್ ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಬೆನ್ನಾಗಿ ನಿಂತ್ರು, ಅದರ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದ್ರು. ರಷ್ಯಾದ ರಚನೆಕಾರ ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನ ಅರ್ಪಿಸಿದ್ದು ಇವರಿಗೇ. ಅದೇ ಫಿಲ್‌ಹಾರ್ಮೋನಿಯಾ ಜೊತೆ ಕಂಡಕ್ಟರ್ ಕಾರಾಯಾನ್ 1950ರ ದಶಕದ ಶುರುವಿನಲ್ಲಿ ಸಿಬೇಲಿಯಸ್ ಐದನೇದನ್ನ ರೆಕಾರ್ಡ್ ಮಾಡಿದ. ಆ ರೆಕಾರ್ಡಿಗೇ ಮೈಸೂರಿನ ದುಡ್ಡು ಹೋಯ್ತು ಅಂತ ನಾನು ಹೇಳ್ತಿಲ್ಲ, ವಾಟ್ಸಾಪಲ್ಲಿ ಹಂಗೆ ತಿರುಗಿಸ್ಬೇಡಿ ದಯವಿಟ್ಟು. ಆದ್ರೆ ಆ ಆರ್ಕೆಸ್ಟ್ರಾ ಎಳೇ ವಯಸ್ಸಲ್ಲಿ ಉಸಿರಾಡ್ತಿದ್ದುದಕ್ಕೆ ಅರಮನೆಯ ಕೈಯೂ ಇತ್ತು ಅನ್ನೋದು ಖರೆ. ಇನ್ನೊಂದು ತಮಾಷೆ, ಮಹಾರಾಜರು ಹುಟ್ಟಿದ್ದೂ 1919ರಲ್ಲೇ, ಈ ಸಿಂಫನಿ ಕೊನೆಗೂ ಮುಗಿದ ವರ್ಷ.

ಯಾವ ರೆಕಾರ್ಡಿಂಗ್ ಕೇಳೋದು?

ಕಾರಾಯಾನ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 1965ರಲ್ಲಿ ಮಾಡಿದ್ದು ಸೇಫ್. ಬರ್ನ್‌ಸ್ಟೀನ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1980ರ ದಶಕದಲ್ಲಿ ಮಾಡಿದ್ದು ಬಲು ನಿಧಾನ, ಕೊನೆಯ ಆರು ಹೊಡೆತಗಳ ಮಧ್ಯೆ ಅಡುಗೆ ಮನೆಗೆ ಹೋಗಿ ಬರ್ಬಹುದು, ಆದ್ರೂ ಒಮ್ಮೊಮ್ಮೆ ಅದೇ ಬೇಕು ಅನ್ಸುತ್ತೆ. ಸಿಬೇಲಿಯಸ್‌ನ ಗೆಳೆಯ ರಾಬರ್ಟ್ ಕಯಾನುಸ್ 1932ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಡಿದ್ದು ಗರಗರ ಅನ್ನುತ್ತೆ, ಆದ್ರೆ ಆ ರೈಲು ಹೊರಡೋ ಜಾಗ ಅವನಷ್ಟು ಸಹಜವಾಗಿ ಮಾಡಿದೋರು ಕಮ್ಮಿ. ಫೋನ್ ಸ್ಪೀಕರಲ್ಲಿ ಮಾತ್ರ ಕೇಳ್ಬೇಡಿ, ಡಬಲ್ ಬೇಸ್ ಹೋಯ್ತು ಅಂದ್ರೆ ಅರ್ಧ ಸಿಂಫನಿ ಹೋಯ್ತು.

ಫಿನ್‌ಲ್ಯಾಂಡಿಯಾ ಅನ್ನೋದೂ ಇದೇನಾ?

ಅಲ್ಲ, ಅದು ಬೇರೆ, 1899ರ ಸಣ್ಣ ಪೀಸ್.

ಇದಾದ ಮೇಲೆ ಸಿಬೇಲಿಯಸ್ ಏನು ಮಾಡಿದ?

ಆರು, ಏಳು ಬರೆದ, 1926ರಲ್ಲಿ ತಾಪಿಯೋಲಾ ಅನ್ನೋ ಆರ್ಕೆಸ್ಟ್ರಾ ಕೃತಿ ಬರೆದ, ಆಮೇಲೆ ಮೂವತ್ತು ವರ್ಷ ಹತ್ತಿರತ್ತಿರ ಸುಮ್ಮನಾದ. ಎಂಟನೇ ಸಿಂಫನಿ ಬರೀತಿದ್ದ, 1940ರ ದಶಕದಲ್ಲಿ ಮನೆಯ ಒಲೆಗೇ ಹಾಕಿ ಸುಟ್ಟ. ಯಾರ್ವೆನ್‌ಪಾದ ಆ ಮನೆಗೆ ಹೆಂಡತಿ ಐನೊ ಹೆಸರಿಂದ ಐನೊಲಾ ಅಂತ ಹೆಸರು. ಅವನು ಬದುಕಿರೋವರೆಗೂ ಅಲ್ಲಿ ನಲ್ಲಿ ನೀರು ಹಾಕಿಸೋಕೆ ಬಿಡ್ಲಿಲ್ಲ, ಪೈಪಿನ ಸದ್ದು ಬೇಡ ಅಂತ. ಐದು ಖಾಲಿ ಜಾಗಕ್ಕೋಸ್ಕರ ಐದು ವರ್ಷ ತಗೊಂಡೋನಿಗೆ ಅದು ಸಹಜ ಬಿಡಿ, ನೀರು ಸೇದಿ ಹೊತ್ತವರ ಅಭಿಪ್ರಾಯ ಏನಿತ್ತೋ.

1957ರ ಸೆಪ್ಟೆಂಬರ್ 20ರ ರಾತ್ರಿ ಆ ಮನೆಯಲ್ಲೇ ತೀರಿಕೊಂಡ. ಅದೇ ಸಂಜೆ ಹೆಲ್ಸಿಂಕಿಯಲ್ಲಿ ಮಾಲ್ಕಮ್ ಸಾರ್ಜೆಂಟ್ ಕಂಡಕ್ಟ್ ಮಾಡ್ತಿದ್ದದ್ದು ಇದೇ ಐದನೇ ಸಿಂಫನಿಯನ್ನ.

ಕನ್ಸರ್ಟಿಗೆ ಹೋದ್ರೆ ಚಪ್ಪಾಳೆ ಯಾವಾಗ?

ಮೊದಲ ಮೂವ್‌ಮೆಂಟ್ ಮುಗಿದಾಗ ಕೈ ತುರಿಸುತ್ತೆ, ತಡ್ಕೊಳ್ಳಿ. ಕೊನೇಲಿ ಬೆರಳು ಮಡಚ್ತಾ ಎಣಿಸಿ, ಮೂರನೇದಕ್ಕೆ ಯಾರಾದ್ರೂ ಒಬ್ರು ತಟ್ಟೇ ತಟ್ತಾರೆ, ಅದು ನೀವಾಗ್ಬೇಡಿ. ಆರು.